ಗೇಟು

ಮೊದಲ ದಿನ ನನಗೆ ಕೊಟ್ಟ ಕೆಲಸ
ಗೇಟು ಹಾಕಿಕೊಂಡು ನಿಲ್ಲುವುದು.
ಗಾಜನೂರಿನ ದಾರಿಯಲ್ಲಿ ರಜೆಗೆ ಖಾಲಿಯಾದ ಹಾಸ್ಟೆಲು,
ಹತ್ತು ದಿನದ ಬೇಸಿಗೆ ಶಿಬಿರ, ಹದಿನಾಲ್ಕು ಮಕ್ಕಳು,
ಮೂರು ಸಾವಿರ ರೂಪಾಯಿ, ಊಟ ತಿಂಡಿ ಅಲ್ಲೇ.
ಭದ್ರಾವತಿಯಿಂದ ಬರುವಾಗ ಬ್ಯಾಗಿನಲ್ಲಿ
ಕಾಗದ ಮಡಚಿ ಹಕ್ಕಿ ಮಾಡುವ ಪುಸ್ತಕ ಇಟ್ಟುಕೊಂಡಿದ್ದೆ.
ಮೊದಲ ಹಕ್ಕಿಯನ್ನು ಅಲ್ಫಿಯಾ ತಿಂದಳು.
ಎರಡನೆಯದನ್ನೂ.

ತೀರ್ಥೇಶನಿಗೆ ಒಂಬತ್ತು ವರ್ಷ. ಆರು ಮಾತು ಬರುತ್ತದೆ
ಎಂದು ಅವನಮ್ಮ ಫಾರಮ್ಮಿನಲ್ಲಿ ತುಂಬಿದ್ದರು:
ನೀರು, ಬೇಡ, ಬಸ್ಸು, ಅಮ್ಮ, ಸಾಕು.
ಎಣಿಸಿದರೆ ಐದೇ.
ಮೂರನೆಯ ದಿನ ನನ್ನ ವೇಲಿನ ತುದಿ ಹಿಡಿದು
'ಗೇಟು' ಅಂದ.
ಹೊರಗೆ ಹೋಗಬೇಕೇನೋ ಎಂದು ಕರೆದುಕೊಂಡು ಹೋದೆ.
ಅತ್ತ ತಿರುಗಿಯೂ ನೋಡಲಿಲ್ಲ.
ಅಡುಗೆಯ ಬಂಗಾರಮ್ಮ ಸೌಟು ಹಿಡಿದೇ ನಕ್ಕರು:
'ಅದು ನಿನ್ನ ಹೆಸರು ಕಣೇ ಮಾರಾಯ್ತಿ,
ಬಂದ ದಿನ ಅಲ್ಲೇ ನಿಂತಿದ್ಯಲ್ಲ!'

ಆಮೇಲೆ ನಾನು ಗೇಟು.
ಬೆಳಕು ಹರಿಯುವ ಮುಂಚೆ ಗೇಟು
ಒದ್ದೆಯಾದ ಹಾಸಿಗೆ ಬಟ್ಟೆ ಒಗೆದು
ವಾಲಿಬಾಲ್ ನೆಟ್ಟಿನ ಮೇಲೆ ಹರವುತ್ತದೆ.
ಎಂಟೂವರೆಗೆ ಫಿಟ್ಸಿನ ಸಿರಪ್ಪು, ಐದು ಎಮ್ಮೆಲ್,
ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡುತ್ತದೆ.
ಜೋವಿಟಾಳ ಗಾಲಿಕುರ್ಚಿಯ ಚಕ್ರಕ್ಕೆ ಮೆತ್ತಿದ ಹಲಸಿನ ಮೇಣವನ್ನು
ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸುತ್ತದೆ, ಬೈಸಿಕೊಳ್ಳುತ್ತದೆ:
'ಕೇಳದೆ ತಳ್ಳಬೇಡಿ ಟೀಚರ್,
ನಾನೇನು ತರಕಾರಿ ಗಾಡಿಯಾ?'
ಒಂದು ಮಧ್ಯಾಹ್ನ, ಒಂದೇ ಒಂದು ಮಧ್ಯಾಹ್ನ,
ಬಚ್ಚಲ ಚಿಲಕ ಹಾಕಿಕೊಂಡು ಅಳುತ್ತದೆ ಗೇಟು.
ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು.
ನೋವಿಗಲ್ಲ. ಅವನು ಕಚ್ಚಿದಾಗ ನನ್ನ ಇನ್ನೊಂದು ಕೈ
ಎಷ್ಟು ಎತ್ತರಕ್ಕೆ ಎದ್ದಿತ್ತೆಂದು
ನಾನು ನೋಡಿಬಿಟ್ಟಿದ್ದೆ.

ಏಳನೆಯ ದಿನ ಸಕ್ರೆಬೈಲಿಗೆ, ಆನೆ ತೋರಿಸಲು.
ಹಿನ್ನೀರಿನಲ್ಲಿ ಪಕ್ಕೆಗೆ ಮಲಗಿದ ಆನೆಯನ್ನು
ಮಾವುತರು ತಿಕ್ಕಿ ತೊಳೆಯುತ್ತಿದ್ದರು.
ಟ್ರಸ್ಟಿನ ಫೋಟೋದವನು ಕಾದು ನಿಂತಿದ್ದ:
ಹುಡುಗ ಆನೆ ಮುಟ್ಟಿಯಾನು, ನಕ್ಕಾನು.
ನಾನೂ ಕಾದಿದ್ದೆ, ಸುಳ್ಳು ಯಾಕೆ.
ತೀರ್ಥೇಶ ಆನೆಗೆ ಬೆನ್ನು ಹಾಕಿ ಕೂತು
ಯಾರದೋ ಬಕೆಟ್ಟಿನ ಹಿಡಿಕೆಯನ್ನು
ಆ ಕಡೆ ಬೀಳಿಸಿದ, ಈ ಕಡೆ ಬೀಳಿಸಿದ, ಮತ್ತೆ ಆ ಕಡೆ,
ಒಂದು ಗಂಟೆ ಹೊತ್ತು.
ಟಕ್ ಅನ್ನುವುದಕ್ಕೆ ಮುಂಚೆ ಪ್ರತಿ ಸಲವೂ
ಚೂರು ಉಸಿರು ಹಿಡಿಯುತ್ತಾನೆ.
ಅರ್ಧ ಗಂಟೆ ಕಳೆದ ಮೇಲೆ ನಾನೂ ಹಿಡಿಯುತ್ತಿದ್ದೆ.
ಆನೆ ಎದ್ದು ಹೋದದ್ದು
ಇಬ್ಬರಿಗೂ ಗೊತ್ತಾಗಲಿಲ್ಲ.

ಆ ಸಂಜೆಯೇ ಗುಡುಗು, ಕರೆಂಟಿಲ್ಲ.
ಅವನ ಕಿವಿಗಳನ್ನು ನನ್ನ ಅಂಗೈಗಳಲ್ಲಿ ಮುಚ್ಚಿ ಕೂತಿದ್ದೆ.
ಕತ್ತಲಲ್ಲಿ ಹಿಂದಿನಿಂದ ಬಂದ ಅಲ್ಫಿಯಾ
ನನ್ನ ಕಿವಿ ಮುಚ್ಚಿದಳು,
ಕೈ ತುಂಬ ಖಾರ ಮಂಡಕ್ಕಿಯ ಎಣ್ಣೆ.

ಕೊನೆಯ ದಿನ ವರದಿ ಬರೆಯಬೇಕು.
'ಪ್ರಗತಿ' ಎಂಬ ಅಂಕಣ, ಎರಡು ಬೆರಳಗಲ.
ಬಕೆಟ್ಟು ಎಂದು ಬರೆದು ಹೊಡೆದು ಹಾಕಿದೆ.
ಎಡ ಮಗ್ಗುಲಿಗೆ ಮಲಗುತ್ತಾನೆ,
ಬೆನ್ನಿಗೆ ಗೋಡೆ ತಾಗುತ್ತಿರಬೇಕು ಎಂದು ಬರೆದೆ.
ಅದು ಅವನಮ್ಮನಿಗೆ ಗೊತ್ತಿರುವುದೇ.

ಆಯನೂರಿನಿಂದ ಬಂದರು ಆಕೆ, ಹೊಸ ಚಪ್ಪಲಿ ತಂದಿದ್ದರು,
ಒಂದು ಸೈಜು ದೊಡ್ಡದು, ಮುಂದಿನ ವರ್ಷಕ್ಕೂ ಆಗಲಿ ಎಂದು.
ಅವನು ನನ್ನ ವೇಲು ಬಿಡದೆ 'ಗೇಟು' ಅಂದ.
ಮತ್ತೆ, ಇನ್ನೂ ಜೋರಾಗಿ, 'ಗೇಟು'.
'ನೋಡಿ, ಮನೆಗೆ ಹೋಗೋಕೆ ಎಷ್ಟು ಅವಸರ!'
ಬಸ್ಸಿನ ಧೂಳು ಕೂತ ಆ ಮುಖ
ಒಮ್ಮೆಲೇ ಬಿಚ್ಚಿಕೊಂಡಿತು.
ತಾವೇ ಓಡಿ ಹೋಗಿ ಅಗುಳಿ ತೆಗೆದರು.

ನಾನು ಏನೂ ಹೇಳಲಿಲ್ಲ.
ಹೇಳೋಣವೆಂದರೆ, ನನಗೂ ಖಾತ್ರಿ ಇರಲಿಲ್ಲ.
ಬೆರಳು ಒಂದೊಂದಾಗಿ ಬಿಡಿಸಿಕೊಂಡು,
ದೊಡ್ಡ ಚಪ್ಪಲಿಯಲ್ಲಿ ಟಪಟಪ ಹೋದ.
ತಿರುವಿನಾಚೆಯಿಂದ 'ಬಸ್ಸು' ಎಂದದ್ದು ಕೇಳಿಸಿತು.

ಇನ್ನೂ ಮೂರು ಮಕ್ಕಳ ಮನೆಯವರು ಬರಬೇಕಿತ್ತು.
ಗೇಟು ಹಾಕಿಕೊಂಡು
ನಿಂತೆ.